ಇರುಳ ದಾರಿಗೆ ಮಿನುಗುವ ಪಟ್ಟಿ

ಶಿಗ್ಗಾವಿಯನ್ನು ಹಾಯ್ದು ಹೋಗುವ ಹೆದ್ದಾರಿಯನ್ನು ಬಿಟ್ಟು ಸವಣೂರಿನ ಕಡೆಗೋ ಹಾನಗಲ್ಲಿನ ಕಡೆಗೋ ತಿರುಗಿದ ಸ್ವಲ್ಪ ಹೊತ್ತಿನಲ್ಲಿಯೇ ದೀಪವಿಲ್ಲದ ದಾರಿ ಮೊದಲಾಗುತ್ತದೆ. ಹಿರೇಕೆರೂರ ಸೀಮೆಯಲ್ಲಿಯೂ ಹಾಗೆಯೇ. ಸುಗ್ಗಿಯ ದಿನಗಳಲ್ಲಿ ರಸ್ತೆಯ ಒಂದು ಮಗ್ಗುಲಿಗೆ ಗೋವಿನಜೋಳವನ್ನು ಹರವಿರುತ್ತಾರೆ. ಮುಂದೆ ಹಿಂಬದಿಯ ದೀಪವಿಲ್ಲದ ಟ್ರ್ಯಾಕ್ಟರು ಸಾಗುತ್ತಿರುತ್ತದೆ. ಇವುಗಳ ನಡುವೆ ನಮ್ಮ ಮನೆಗಳ ಹುಡುಗರು ಮೋಟಾರು ಸೈಕಲ್ಲಿನ ಮೇಲೆ ಸಂತೆಯಿಂದ, ಆಸ್ಪತ್ರೆಯಿಂದ, ಕೆಲಸದಿಂದ ಮರಳಬೇಕು. ಅವರು ಬರುವವರೆಗೆ ಮನೆಯ ಹೆಂಗಸರು ಉಣ್ಣುವುದಿಲ್ಲವೆಂಬುದನ್ನು ವಾಚಕರಿಗೆ ನಾವು ಹೇಳಬೇಕಾದುದಿಲ್ಲ.

ನಮ್ಮ ತಮ್ಮನು ಹಾನಗಲ್ಲಿನಿಂದ ದಿನಾಲು ಕತ್ತಲಾದ ಮೇಲೆ ಬರುವವನು. ಅವನಿಗಾಗಿ ನಾವು ಮಿನುಗುವ ಉಡುಪನ್ನು ಹುಡುಕಲು ಹೊರಟೆವು. ಪೇಟೆಯಲ್ಲಿ ಇದಕ್ಕೆ ‘ರೇಡಿಯಮ್’ ಎಂದು ಹೆಸರು. ಕ್ಯೂರಿ ದಂಪತಿಗಳು 1898ರಲ್ಲಿ ಕಂಡುಹಿಡಿದ ಧಾತುವಿಗೂ ಈ ಪಟ್ಟಿಗೂ ಯಾವ ನಂಟೂ ಇಲ್ಲ. ಹಿಂದೆ ಗಡಿಯಾರದ ಮುಳ್ಳುಗಳಿಗೆ ಬಳಿಯುತ್ತಿದ್ದ ರೇಡಿಯಮ್ ಬೆರೆತ ಬಣ್ಣವು ಕತ್ತಲೆಯಲ್ಲಿ ತಾನಾಗಿ ಹೊಳೆಯುತ್ತಿತ್ತು. ಈ ಪಟ್ಟಿಗಾದರೋ ಸ್ವಂತ ಬೆಳಕಿಲ್ಲ. ಅದರಲ್ಲಿರುವ ಅತಿ ಸಣ್ಣ ಗಾಜಿನ ಮಣಿಗಳು ತಮ್ಮ ಮೇಲೆ ಬಿದ್ದ ಬೆಳಕನ್ನು ಬಂದ ದಾರಿಯಿಂದಲೇ ಹಿಂದಕ್ಕೆ ಕಳುಹಿಸುತ್ತವೆ. ಇರುಳಿನಲ್ಲಿ ಬೆಕ್ಕಿನ ಕಣ್ಣು ಮಿನುಗುವುದೂ ಬೆಳಕನ್ನು ಮರಳಿಸಿಯೇ. ಇಂಗ್ಲೆಂಡಿನ ಪರ್ಸಿ ಶಾ ಎಂಬವನು 1934ರಲ್ಲಿ ರಸ್ತೆಯಲ್ಲಿ ಹೂಳುವ ಗಾಜಿನ ಕಣ್ಣುಗಳನ್ನು ರಚಿಸಿದಾಗ ಅವುಗಳಿಗೆ ಬೆಕ್ಕಿನ ಕಣ್ಣೆಂಬ ಹೆಸರೇ ನಿಂತಿತು.

ಒಂದು ಅಂಗಡಿಯಲ್ಲಿ ಕಣ್ಣು ಕುಕ್ಕುವ ಹಳದಿಯ ಜಾಕೀಟನ್ನು ತೋರಿಸಿದರು. ಬಿಸಿಲಿನ ಕಾಣದ ಕಿರಣಗಳನ್ನು ಕಾಣುವ ಬಣ್ಣವಾಗಿ ಮಾರ್ಪಡಿಸುವ ಗುಣ ಆ ಹಳದಿಗೆ ಉಂಟು. ಹಗಲಿಗೆ ಅದು ಬಲು ಒಳ್ಳೆಯದು. ಇರುಳಿಗೆ ಬೇಕಾದುದು ಪಟ್ಟಿ. ಜಾಕೀಟನ್ನು ಕತ್ತಲೆಯ ಮೂಲೆಯಲ್ಲಿ ತೂಗಹಾಕಿಸಿ, ಇಪ್ಪತ್ತು ಹೆಜ್ಜೆ ಹಿಂದೆ ಸರಿದು, ಮೊಬೈಲಿನ ದೀಪವನ್ನು ಕಣ್ಣಿನ ಪಕ್ಕದಲ್ಲಿಯೇ ಹಿಡಿದು ನೋಡಿದೆವು. (ಬೆಳಕು ಬಂದಲ್ಲಿಗೇ ಮರಳುವುದರಿಂದ ದೀಪವನ್ನು ದೂರ ಹಿಡಿದರೆ ಪರೀಕ್ಷೆ ಕೆಡುತ್ತದೆ.) ಬೂದು ಪಟ್ಟಿ ಬೂದಾಗಿಯೇ ಉಳಿಯಿತು! ಅಂಗಡಿಕಾರರಿಗೆ ನಮ್ಮ ಪರೀಕ್ಷೆ ರುಚಿಸಲಿಲ್ಲ. ಕಡೆಗೆ ಕಬ್ಬಿಣದ ಸಾಮಾನಿನ ಅಂಗಡಿಯಲ್ಲಿ, ರಸ್ತೆಯ ಕೂಲಿಕಾರರು ತೊಡುವ ಅಗ್ಗದ ತೋಳಿಲ್ಲದ ಅಂಗಿಯೇ ಬೆಳ್ಳಿಯಂತೆ ಬೆಳಗಿತು.

“ಅಣ್ಣಾ, ಇದನ್ನ ಹಾಕ್ಕೊಂಡ್ರ ಮಂದಿ ನನ್ನ ರಸ್ತೆ ಕೂಲ್ಯಾವ ಅಂದಾರು” ಎಂದು ತಮ್ಮನು ಮುಖ ಸೊಟ್ಟ ಮಾಡಿದನು.

“ಏನರ ಅನ್ನಲಿ ತಮ್ಮಾ, ಮೊದಲ ಅವರ ಕಣ್ಣಿಗೆ ಬೀಳು” ಎಂದಳು ಅವ್ವ.

ಅವ್ವನ ಮಾತಿಗೆ ಲೆಕ್ಕದ ಆಧಾರವೂ ಇದೆ. ಗಂಟೆಗೆ 60 ಕಿಲೋಮೀಟರಿನಂತೆ ಬರುವ ಮೋಟಾರು ಒಂದು ಸೆಕೆಂಡಿಗೆ 16 ಮೀಟರಿಗೂ ಹೆಚ್ಚು ದೂರ ಸರಿಯುತ್ತದೆ. ಚಾಲಕನು ಕಂಡು ಬ್ರೇಕು ಒತ್ತಲು ಒಂದೂವರೆ ಸೆಕೆಂಡು ಹಿಡಿದರೆ 25 ಮೀಟರು ಹೋಯಿತು. ಒಣ ರಸ್ತೆಯಲ್ಲಿಯೂ ನಿಲ್ಲಲು ಇನ್ನು ಸುಮಾರು 20 ಮೀಟರು ಬೇಕು. ಕಪ್ಪು ಅಂಗಿಯವನು ತಗ್ಗಿಸಿದ ದೀಪಕ್ಕೆ ಅಷ್ಟು ದೂರದಿಂದ ಕಾಣುವುದು ಕಷ್ಟ.

ಆದರೆ ಉಡುಪನ್ನು ಕೊಂಡ ಮೇಲೆಯೂ ಒಂದು ಕೊರತೆ ಉಳಿಯುತ್ತದೆ. ಇದನ್ನು ಬಹುಜನರು ಯೋಚಿಸುವುದಿಲ್ಲ. ಗಂಡನು ಮಿನುಗುವ ಅಂಗಿ ತೊಟ್ಟು ಮುಂದೆ ಕೂಡುತ್ತಾನೆ. ಅವನ ಬೆನ್ನನ್ನು ಮರೆಮಾಡಿ ಹೆಂಡತಿಯು ಕರಿಯ ಶಾಲು ಹೊದ್ದು ಹಿಂದೆ ಕೂಡುತ್ತಾಳೆ. ಹಿಂದಿನಿಂದ ಬರುವ ಲಾರಿಗೆ ಕಾಣುವುದು ಆ ಶಾಲು ಮಾತ್ರ! ಗೊಬ್ಬರದ ಚೀಲ ಹೇರಿದರೂ, ಮಳೆಗಾಲದಲ್ಲಿ ಮೇಲೆ ರೇನ್‌ಕೋಟು ತೊಟ್ಟರೂ ಇದೇ ಗತಿ. ಆದುದರಿಂದ ನಾವು ಎರಡನೆಯ ಅಂಗಿಯನ್ನು ತಮ್ಮನ ಹೆಂಡತಿಗೆ ತಂದೆವು. ಲಾರಿಯ ಸಾಮಾನು ಮಾರುವಲ್ಲಿ ಕೆಂಪು ಪಟ್ಟಿಯನ್ನು ಕೊಂಡು ಗಾಡಿಯ ಹಿಂಬದಿಗೆ ಅಂಟಿಸಿದೆವು. ಇಬ್ಬರಿಗೂ ಹೆಲ್ಮೆಟ್ಟು ಇದ್ದೇ ಇತ್ತು. ಮಿನುಗುವ ಅಂಗಿಯು ಅದರ ಬದಲಿಗೆ ಆಗದು.

ಅವ್ವ ಉಳಿದ ಬಟ್ಟೆಯ ಪಟ್ಟಿಯನ್ನು ಆ ಕರಿಯ ಶಾಲಿನ ಅಂಚಿಗೆ ಹೊಲಿದಿದ್ದಾಳೆ. ಇಂಥ ಪಟ್ಟಿಯನ್ನು ಬ್ರಷ್ಷಿನಿಂದ ಉಜ್ಜಿ ಒಗೆಯಲಾಗದು, ಇಸ್ತ್ರಿ ಮಾಡಲಾಗದು. ಮಣಿಗಳು ಸವೆದರೆ ಹೊಳಪೂ ಹೋಗುತ್ತದೆ. ದೀಪಾವಳಿಯ ಹೊತ್ತಿಗೆ ಎಲ್ಲವನ್ನೂ ಮತ್ತೊಂದು ಸಲ ಕತ್ತಲೆಯಲ್ಲಿಟ್ಟು ನೋಡಬೇಕೆಂದಿದ್ದೇವೆ.