ಎರಡು ವರ್ಷದ ಬೆಲೆ

ಮಗಳಿಗೆ ಟೈಪ್ 1 ಮಧುಮೇಹ ಬಂದಾಗ ಅವಳಿಗೆ ಒಂಬತ್ತು ವರ್ಷ. ಈಗ ಹದಿಮೂರು. ಶಿವಮೊಗ್ಗದಿಂದ ಅತ್ತೆ ಫೋನ್ ಮಾಡಿದಾಗಲೆಲ್ಲ, "ಮಗೂಗೆ ಸಿಹಿ ಜಾಸ್ತಿ ಕೊಟ್ರೇನಮ್ಮಾ?" ಎಂದು ಕೇಳುತ್ತಿದ್ದರು. ಇದು ಸಿಹಿ ತಿಂದು ಬರುವ ಕಾಯಿಲೆಯಲ್ಲ, ಮೈ ಕಾಯಬೇಕಾದ ಟಿ ಕೋಶಗಳೇ ಇನ್ಸುಲಿನ್ ತಯಾರಿಸುವ ಬೀಟಾ ಕೋಶಗಳನ್ನು ಕೊಲ್ಲುತ್ತವೆ ಎಂದು ಎಷ್ಟು ಹೇಳಿದರೂ ಅರ್ಥವಾಗಿರಲಿಲ್ಲ. "ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ ಅತ್ತೆ" ಎಂದೆ. ಆಮೇಲೆ ಕೇಳಲಿಲ್ಲ.

ಈಗ ನಮ್ಮ ನೊಯ್ಡಾ ಮನೆಯಲ್ಲಿ ನಡೆಯುತ್ತಿರುವ ಚರ್ಚೆ ಮಗನದ್ದು. ಅವನಿಗೆ ಎಂಟು ವರ್ಷ. ಟೈಪ್ 1 ಇರುವವರ ಒಡಹುಟ್ಟಿದವರಲ್ಲಿ ನೂರಕ್ಕೆ ಸುಮಾರು ಐವರಿಗೆ ಈ ಕಾಯಿಲೆ ಬರಬಹುದು. ರೋಗಲಕ್ಷಣ ಕಾಣುವುದಕ್ಕೆ ತಿಂಗಳುಗಳ, ಕೆಲವೊಮ್ಮೆ ವರ್ಷಗಳ ಮೊದಲೇ ರಕ್ತದಲ್ಲಿ ಪ್ರತಿಕಾಯಗಳು ಕಾಣಿಸಿಕೊಳ್ಳುತ್ತವೆ. ಎರಡು ಬಗೆಯವು ಸಿಕ್ಕರೆ ಮೊದಲ ಹಂತ. ಜೊತೆಗೆ ಸಕ್ಕರೆ ಸ್ವಲ್ಪ ಏರುಪೇರಾದರೆ ಎರಡನೆಯದು. ಇನ್ಸುಲಿನ್ ಬೇಕಾಗುವುದು ಸಾಮಾನ್ಯವಾಗಿ ಮೂರನೆಯ ಹಂತದಲ್ಲಿ.

ಎರಡನೆಯ ಹಂತದಲ್ಲಿರುವ, ಎಂಟು ವರ್ಷ ದಾಟಿದವರಿಗೆಂದೇ 2022ರ ನವೆಂಬರಿನಲ್ಲಿ ಅಮೆರಿಕ ಟೆಪ್ಲಿಝುಮ್ಯಾಬ್ ಎಂಬ ಔಷಧಿಗೆ ಒಪ್ಪಿಗೆ ಕೊಟ್ಟಿತು. ದಿನಕ್ಕೊಂದರಂತೆ 14 ದಿನ ಡ್ರಿಪ್. ಅದು ಟಿ ಕೋಶಗಳ ಮೇಲಿನ ಸಿಡಿ3 ಎಂಬ ಪ್ರೋಟೀನಿಗೆ ಅಂಟಿಕೊಂಡು ಅವುಗಳ ಆರ್ಭಟ ತಗ್ಗಿಸುತ್ತದೆ. 2019ರಲ್ಲಿ ಪ್ರಕಟವಾದ, 76 ಜನರ ಮೇಲಿನ ಪ್ರಯೋಗದಲ್ಲಿ ಕಾಯಿಲೆ ಸರಾಸರಿ ಎರಡು ವರ್ಷ ಮುಂದಕ್ಕೆ ಹೋಯಿತು. ವಾಸಿಯಾಗಲಿಲ್ಲ, ಮುಂದಕ್ಕೆ ಹೋಯಿತು ಅಷ್ಟೆ.

"ಬರೀ ಎರಡು ವರ್ಷಕ್ಕೆ ಇಷ್ಟೆಲ್ಲಾನಾ?" ಎಂದರು ನಮ್ಮೆಜಮಾನರು. ನಾನು ಲೆಕ್ಕ ಹಾಕಿದೆ. ದಿನಕ್ಕೆ ನಾಲ್ಕು ಇಂಜೆಕ್ಷನ್, ಎರಡು ವರ್ಷಕ್ಕೆ 2,920. ಮೇ ತಿಂಗಳ ಸೆಕೆಯಲ್ಲಿ ಕರೆಂಟು ಹೋದಾಗ ಇನ್ಸುಲಿನ್ ಕೆಡದಂತೆ ಮಣ್ಣಿನ ಮಡಕೆಯಲ್ಲಿಡುವ ಎರಡು ಬೇಸಿಗೆ. ನಡುರಾತ್ರಿ ಎದ್ದು ಮಗುವಿನ ಬೆರಳು ಚುಚ್ಚಿ ನೋಡುವ ಏಳುನೂರು ರಾತ್ರಿ. ಎರಡು ವರ್ಷ ಕಡಿಮೆಯೇನಲ್ಲ. ಆದರೆ ಬೆಲೆ? ಅಮೆರಿಕದಲ್ಲಿ ಬಿಡುಗಡೆಯಾದಾಗ ಒಂದು ಕೋರ್ಸಿಗೆ ಸುಮಾರು 1,94,000 ಡಾಲರ್, ಅಂದರೆ ಒಂದೂವರೆ ಕೋಟಿ ರೂಪಾಯಿಗೂ ಹೆಚ್ಚು. ನಾವಿರುವ ಫ್ಲ್ಯಾಟು ಮಾರಿದರೂ ಅಷ್ಟು ಹುಟ್ಟುವುದಿಲ್ಲ.

"ಮತ್ತೆ ಟೆಸ್ಟ್ ಯಾಕೆ? ಗೊತ್ತಾಗಿ ಕೊರಗೋದಕ್ಕಾ?" ಅಂದರು.

ಮಗಳಿಗೆ ವಾಂತಿ, ಹೊಟ್ಟೆನೋವು ಬಂದಾಗ ಬಡಾವಣೆಯ ಡಾಕ್ಟರೊಬ್ಬರು ಗ್ಯಾಸ್ಟ್ರಿಕ್ ಎಂದಿದ್ದರು. ಎರಡೇ ದಿನಕ್ಕೆ ಕೀಟೋಆಸಿಡೋಸಿಸ್ ಆಗಿ ಐಸಿಯು ಸೇರಿದಳು. ಮೊದಲೇ ಗೊತ್ತಿದ್ದರೆ ಆ ಮೂರು ದಿನಗಳನ್ನು ತಪ್ಪಿಸಬಹುದಿತ್ತು. ಔಷಧಿ ಕೈಗೆಟುಕದಿದ್ದರೂ ಎಚ್ಚರ ಕೈಗೆಟುಕುತ್ತದೆ. ನನ್ನ ವಾದ ಇಷ್ಟೇ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಶನಿವಾರ ರಜಾ ಹಾಕ್ತೀನಿ" ಎಂದರು.

ಮಗ ಅಕ್ಕನನ್ನು ಕೇಳಿದ, "ತುಂಬಾ ನೋವಾಗತ್ತಾ?"

"ನಿನಗೆ ಒಂದೇ ಸಲ ಕಣೋ" ಎಂದಳು.

ನಿಮ್ಮ ಮನೆಯ ಮಗು ಪದೇಪದೇ ನೀರು ಕೇಳುತ್ತಿದ್ದರೆ, ಇದ್ದಕ್ಕಿದ್ದಂತೆ ರಾತ್ರಿ ಹಾಸಿಗೆ ಒದ್ದೆ ಮಾಡತೊಡಗಿದ್ದರೆ, ತೂಕ ಇಳಿಯುತ್ತಿದ್ದರೆ ಅಂದೇ ರಕ್ತದ ಸಕ್ಕರೆ ನೋಡಿಸಿ. ಅದಕ್ಕೆ ಒಂದು ಹನಿ ರಕ್ತ ಸಾಕು.