ಕಟ್ಟು ಬಿಚ್ಚಿದ ಸಾರಾಂಶ

ಬಸವಕಲ್ಯಾಣದ ಮಠದಲ್ಲಿ ಅಧ್ಯಯನ ಮಾಡಿದ ನನಗೆ, ವಿಸ್ತರಿಸಿ ಹೇಳುವುದೇ ಪಾಂಡಿತ್ಯವೆಂಬ ಭ್ರಮೆಯಿತ್ತು. ನನ್ನ ತಮ್ಮನ ಮಗಳು ವೈದ್ಯಕೀಯ ಕಾಲೇಜೊಂದರ ಗ್ರಂಥಪಾಲಕಿ. ವೈದ್ಯಕೀಯ ಗ್ರಂಥಪಾಲಕರ ಸಮ್ಮೇಳನಕ್ಕೆ ಪ್ರಬಂಧದ ಸಾರಾಂಶವನ್ನು ಕಳುಹಿಸಬೇಕಾಗಿತ್ತು. ಹುಮನಾಬಾದಿನ ನಮ್ಮ ಹಿರಿಯರ ಮನೆಯಲ್ಲಿರುವ ವೈದ್ಯದ ತಾಳೆಗರಿಗಳನ್ನು ಕುರಿತು ಬರೆದುಕೊಡಬೇಕೆಂದು ಕೇಳಿದಳು. ಮಂಗರಾಜನ 14ನೆಯ ಶತಮಾನದ ವಿಷವೈದ್ಯ ಗ್ರಂಥ ‘ಖಗೇಂದ್ರಮಣಿದರ್ಪಣ’ದಿಂದ ಆರಂಭಿಸಿ ನಾಲ್ಕು ಪುಟ ಬರೆದೆ. ಇದ್ದ ಮಿತಿ 250 ಪದ.

“ದೊಡ್ಡಪ್ಪಾ, ಇದರಾಗ ಹಿರಿಮೆ ಭಾಳ ಅದ. ಗರಿ ಎಷ್ಟವ? ಓದ್ಲಿಕ್ಕ ಬರೋವು ಎಷ್ಟು?” ಎಂದಳು.

ಉತ್ತರ ತಿಳಿಯದೆ ಕಟ್ಟು ಬಿಚ್ಚಿದೆ. 62 ಗರಿಗಳಲ್ಲಿ 23ನ್ನು ಹುಳು ತಿಂದಿತ್ತು. ನಲವತ್ತು ವರ್ಷ ವಿಭೂತಿ ಹಚ್ಚಿ ಪೂಜಿಸಿದ್ದೆನೇ ಹೊರತು ಒಮ್ಮೆಯೂ ಬಿಚ್ಚಿರಲಿಲ್ಲ!

ಗ್ರಂಥಗಳಿರುವುದು ಬಳಕೆಗಾಗಿ ಎಂಬುದು ಎಸ್.ಆರ್. ರಂಗನಾಥನ್ ಅವರು 1931ರಲ್ಲಿ ಪ್ರಕಟಿಸಿದ ಗ್ರಂಥಾಲಯ ಸೂತ್ರಗಳಲ್ಲಿ ಮೊದಲನೆಯದು. ಅದರ ಅರ್ಥ ನನಗೆ ಅಂದು ಮನದಟ್ಟಾಯಿತು.

ನಮ್ಮ ನಷ್ಟವನ್ನೇ ಸಾರಾಂಶದ ಮೊದಲ ವಾಕ್ಯವಾಗಿಸಿ ಕಳುಹಿಸಿದೆವು. ಒಪ್ಪಿಗೆ ಬರಲಿ, ಬಾರದಿರಲಿ; ಉಳಿದ 39 ಗರಿಗಳ ಛಾಯಾಚಿತ್ರ ತೆಗೆಸಿದ್ದಾಗಿದೆ.

ಶರಣ ಬಂಧುಗಳೆ, ನಿಮ್ಮ ದೇವರ ಜಗಲಿಯ ಮೇಲಿರುವ ಕಟ್ಟನ್ನೂ ಇಂದೇ ಬಿಚ್ಚಿ ನೋಡಿರಿ.