ಬ್ಯಾಂಕು, ಸೋಪು, ಲ್ಯಾಂಪು

ಬೆಂಗಳೂರಿನಲ್ಲಿ ಒಂದು ಟಾಕೀಸು ಬಿದ್ದರೆ ಪತ್ರಿಕೆಗಳ ತುಂಬ ಕಣ್ಣೀರು. ಪ್ಲಾಜಾ ಚಿತ್ರಮಂದಿರ ಹೋಗಿ ಮೆಟ್ರೋ ನಿಲ್ದಾಣ ಬಂದಾಗ ಅಲ್ಲಿ ಸಿನಿಮಾ ನೋಡಿದವರೂ ನೋಡದವರೂ ಒಟ್ಟಿಗೆ ನಿಟ್ಟುಸಿರುಬಿಟ್ಟರು. 2009ರಲ್ಲಿ ಎಂ.ಜಿ. ರಸ್ತೆಯ ಇಂಡಿಯಾ ಕಾಫಿ ಹೌಸ್ ಜಾಗ ಖಾಲಿ ಮಾಡಿ ಚರ್ಚ್ ಸ್ಟ್ರೀಟಿಗೆ ಹೋದಾಗ ಕೊನೆಯ ಕಾಫಿ ಕುಡಿಯಲು ಜನ ಹೋದರು. ರೆಸಿಡೆನ್ಸಿ ರಸ್ತೆಯ ವಿಕ್ಟೋರಿಯಾ ಹೋಟೆಲ್ ಉರುಳಿ ಮಾಲ್ ಎದ್ದದ್ದಕ್ಕೆ ಇವತ್ತಿಗೂ ಮರುಗುವವರಿದ್ದಾರೆ. ಅಲ್ಲಿ ಮರದ ನೆರಳಲ್ಲಿ ಕೂತು ಕುಡಿದ ಬಿಯರನ್ನು ಅವರು ಇಂಗ್ಲಿಷಿನಲ್ಲಿ ನೆನೆಯುತ್ತಾರೆ. ಇಂಗ್ಲಿಷಿನಲ್ಲಿ ನೆನೆದರೆ ಬಿಯರಿಗೂ ಒಂದು ಮರ್ಯಾದೆ ಬರುತ್ತದೆ. ಆದರೆ ಸ್ಯಾಂಡಲ್ ಸೋಪ್ ಫ್ಯಾಕ್ಟರಿಯಿಂದ ಯಶವಂತಪುರದ ಕಡೆ ಹೋಗುವ ರಸ್ತೆಯಲ್ಲಿದ್ದ ಒಂದು ಬಾರ್ ಅಂಡ್ ರೆಸ್ಟೋರೆಂಟಿಗೆ ಶ್ರದ್ಧಾಂಜಲಿ ಬರೆಯುವವರು ಯಾರು? ಬರೆಯಬೇಕಾದವರೆಲ್ಲ ತಾವು ಅಲ್ಲಿಗೆ ಹೋಗುತ್ತಿದ್ದುದನ್ನೇ ಮನೆಯಲ್ಲಿ ಹೇಳಿದವರಲ್ಲ.

ಬಾರಿನ ಬೋರ್ಡಿನ ಮೇಲೆ ದೇವರ ಹೆಸರಿತ್ತು, ಹಾಗಾಗಿ ಅದನ್ನಿಲ್ಲಿ ಬರೆಯುವುದಿಲ್ಲ. ನಾವೂ ಆ ಹೆಸರು ಎತ್ತುತ್ತಿರಲಿಲ್ಲ. ಅದು ನಮಗೆ 'ಆಫೀಸು'. 'ಇವತ್ತು ಆಫೀಸಿಗೆ ಬರ್ತೀರಾ ಸಾರ್?' ಅಂತ ಬಸ್ ಸ್ಟಾಪಿನಲ್ಲಿ ನಾಲ್ಕು ಜನರ ಎದುರಿಗೇ ಕೇಳಬಹುದಿತ್ತು. ಕೆಳಗೆ ಒಂದು ಉದ್ದನೆಯ ಹಾಲು, ಸನ್‌ಮೈಕಾ ಹೊದಿಸಿದ ಟೇಬಲ್ಲುಗಳು, ಬಾಗಿಲ ಪಕ್ಕ ಗಲ್ಲಾ, ಗಲ್ಲಾದ ಮೇಲೆ ಊದುಬತ್ತಿ ಹಚ್ಚಿದ ಲಕ್ಷ್ಮಿ. ಮೇಲೆ 'ಎ/ಸಿ ಫ್ಯಾಮಿಲಿ ರೂಮ್'. ಅಲ್ಲಿ ಫ್ಯಾಮಿಲಿಯೂ ಇರಲಿಲ್ಲ, ಎ.ಸಿ.ಯೂ ಇರಲಿಲ್ಲ. ನೀಲಿ ಬಣ್ಣದ ಗೋಡೆ, ಒಂದು ಜಲಪಾತದ ಪೋಸ್ಟರು, ಪ್ಲೇಟಿಗೆ ಮೂರು ರೂಪಾಯಿ ಜಾಸ್ತಿ, ಅಷ್ಟೆ. ಯಜಮಾನರು ಘಟ್ಟದ ಕೆಳಗಿನವರು. ಸಪ್ಲೈಯರ್ ಹುಡುಗರೆಲ್ಲ ಕುಂದಾಪುರ, ಬೈಂದೂರು ಕಡೆಯವರು. ಬಂಗುಡೆ ಫ್ರೈ ತಂದಿಟ್ಟು, 'ಬಿಸಿ ಉಂಟು, ನಿಧಾನ ತಿನ್ನಿ ಮಾರಾಯ್ರೆ' ಎಂದು ಹೇಳುವಷ್ಟು ಅಕ್ಕರೆ. ನಮ್ಮ ಮನೆಗಳಲ್ಲಿ ಅಷ್ಟು ಹೊತ್ತಿಗೆ ಅಕ್ಕರೆಯ ಸ್ಟಾಕು ಮುಗಿದಿರುತ್ತಿತ್ತು.

ಅಲ್ಲಿ ಯಾರಿಗೂ ಯಾರ ಹೆಸರೂ ಬೇಕಾಗಿರಲಿಲ್ಲ. ಮನುಷ್ಯ ಎಲ್ಲಿ ಕೆಲಸ ಮಾಡುತ್ತಾನೋ ಅದೇ ಅವನ ಹೆಸರು. ನಾನು ಬ್ಯಾಂಕಿನ ಗುಮಾಸ್ತ, ಆದ್ದರಿಂದ 'ಬ್ಯಾಂಕು'. ಕಿರ್ಲೋಸ್ಕರ್ ಎಲೆಕ್ಟ್ರಿಕ್‌ನವರು ಇಬ್ಬರಿದ್ದರು, 'ದೊಡ್ಡ ಕಿರ್ಲೋಸ್ಕರ್', 'ಸಣ್ಣ ಕಿರ್ಲೋಸ್ಕರ್'. ಮೈಸೂರು ಸ್ಯಾಂಡಲ್ ಸೋಪಿನ ಕಾರ್ಖಾನೆಯವರು 'ಸೋಪು'. ಮೈಸೂರು ಲ್ಯಾಂಪ್ಸ್‌ನವರು 'ಲ್ಯಾಂಪು'. ಹೈಸ್ಕೂಲಿನವರೊಬ್ಬರು ಮಾತ್ರ 'ಮೇಷ್ಟ್ರು', ಕುಡಿದ ಮೇಲೂ ಬಹುವಚನ. ಜಿ.ಪಿ. ರಾಜರತ್ನಂ ಹೆಂಡ ಮುಟ್ಟದೆಯೇ 'ರತ್ನನ ಪದಗಳು' ಬರೆದರು. ನಮ್ಮ ಮೇಷ್ಟ್ರು ಹಗಲು ಹೊತ್ತು ಹೆಂಡ ಮುಟ್ಟದೆ ಆ ಪದಗಳನ್ನು ಪಾಠ ಮಾಡಿ, ರಾತ್ರಿ ನೈಂಟಿ ಹಾಕಿಕೊಂಡು ವ್ಯಾಖ್ಯಾನ ಮಾಡುತ್ತಿದ್ದರು. ರಾತ್ರಿಯ ಪಾಠವೇ ಚೆನ್ನಾಗಿತ್ತು ಅನ್ನುವುದು ನನ್ನ ಅಂದಾಜು. ಹಗಲಿನದನ್ನು ನಾನು ಕೇಳಿಲ್ಲ.

ಸೋಪಿನ ಬಗ್ಗೆ ನಮಗೆಲ್ಲ ಹೊಟ್ಟೆಕಿಚ್ಚು. ಉಳಿದವರು ಎದ್ದು ಹೊರಡುವಾಗ ಸೋಂಪು, ಏಲಕ್ಕಿ, ಜರ್ದಾ ಬೀಡಾ ಎಂದು ನಾನಾ ಉಪಾಯ ಹುಡುಕುತ್ತಿದ್ದರೆ ಆ ಪುಣ್ಯಾತ್ಮ ಸುಮ್ಮನೆ ಬಾಯಿ ಒರೆಸಿಕೊಂಡು ಹೋಗುತ್ತಿದ್ದ. ಎಷ್ಟೋ ವರ್ಷದ ನೌಕರಿಯಲ್ಲಿ ಶ್ರೀಗಂಧ ಅವನ ಅಂಗಿ, ಚೀಲ, ತಲೆಗೂದಲು, ಊಟದ ಡಬ್ಬಿಯವರೆಗೆ ಇಳಿದುಹೋಗಿತ್ತು. ಖೋಡೇಸ್‌ನ ಹರ್ಕ್ಯುಲಿಸ್ ರಮ್ಮಿಗೂ ಅದರ ಮುಂದೆ ತಲೆ ಎತ್ತಲು ಆಗುತ್ತಿರಲಿಲ್ಲ. ಆಗಾಗ ನಮಗೂ ಸೋಪು ಹಂಚುತ್ತಿದ್ದ. ಹಾಗಾಗಿ ಊರಿನ ಬೇರೆ ಬೇರೆ ದಿಕ್ಕಿನಲ್ಲಿದ್ದ, ಒಬ್ಬರಿಗೊಬ್ಬರು ಪರಿಚಯವೇ ಇಲ್ಲದ ಆರೇಳು ಮನೆಗಳ ಬಚ್ಚಲಲ್ಲಿ ಒಂದೇ ಬ್ಯಾಚಿನ ಸೋಪು ಕರಗುತ್ತಿತ್ತು. ಪತ್ತೇದಾರಿ ಬುದ್ಧಿಯ ಹೆಂಗಸು ಯಾರಾದರೂ ಇದ್ದಿದ್ದರೆ ಅದೊಂದೇ ಸಾಕ್ಷಿ ಸಾಕಿತ್ತು.

ಮನೆಗೆ ಹೇಳುವ ನೆಪದಲ್ಲಿ ಒಬ್ಬೊಬ್ಬರದು ಒಂದೊಂದು ಶಾಸ್ತ್ರ. ನನ್ನದು 'ಕ್ಯಾಷ್ ಟ್ಯಾಲಿ ಆಗಲಿಲ್ಲ'. ಕಿರ್ಲೋಸ್ಕರ್‌ಗಳದ್ದು ಓವರ್‌ಟೈಮು. ಮೇಷ್ಟ್ರದ್ದು ಪೇಪರ್ ವ್ಯಾಲ್ಯುಯೇಷನ್ನು. ನವೆಂಬರಿನಲ್ಲೂ ವ್ಯಾಲ್ಯುಯೇಷನ್ ಇರುತ್ತದೆ ಎಂದು ನಂಬುವ ಸಜ್ಜನಿಕೆ ಅವರ ಮನೆಯಲ್ಲಿತ್ತು. ಎಲ್ಲಕ್ಕಿಂತ ಗಟ್ಟಿಯಾದದ್ದು ಲ್ಯಾಂಪಿನ ನೆಪ: 'ಸೈಟಿನ ಸೊಸೈಟಿ ಮೀಟಿಂಗು'. ಬೆಂಗಳೂರಿನಲ್ಲಿ ಸೈಟಿನ ವಿಷಯಕ್ಕೆ ಹೋಗುವ ಗಂಡಸನ್ನು ಯಾವ ಹೆಂಡತಿಯೂ ತಡೆಯುವುದಿಲ್ಲ.

ಲ್ಯಾಂಪಿನ ಕಥೆ ಬೇರೆಯೇ. 1936ರಷ್ಟು ಹಳೆಯ ಕಾರ್ಖಾನೆಯ ಮನುಷ್ಯ. ಬಾರಿನ ಬಲ್ಬುಗಳೆಲ್ಲ ಅವನ ಸುಪರ್ದಿಗೆ ಸೇರಿದವೆಂದೇ ಅವನ ಭಾವನೆ. ಯಾವುದಾದರೂ ಒಂದು ಮಿಣುಕಿದರೆ ಗ್ಲಾಸು ಕೆಳಗಿಟ್ಟು ಎದ್ದುಹೋಗಿ ತಿರುಗಿಸಿ ನೋಡಿ ಬರುತ್ತಿದ್ದ. 2003ರಲ್ಲಿ ಕಾರ್ಖಾನೆ ಮುಚ್ಚಿತು. ಮುಚ್ಚಿದ ವಾರ ನಾವು ಅವನನ್ನು ಹೇಗೆ ಕರೆಯಬೇಕೆಂದು ತಿಳಿಯದೆ ಸುಮ್ಮನೆ 'ಬನ್ನಿ ಸಾರ್' ಅಂದೆವು. ಅವನಿಗೆ ಸಿಟ್ಟು ಬಂತು. 'ಯಾಕ್ರಯ್ಯ, ಲ್ಯಾಂಪು ಅನ್ನೋಕೆ ಏನು ರೋಗ?' ಅಂದ. ಮತ್ತೆ ಲ್ಯಾಂಪಾದ. ಆಮೇಲೆ ಯಜಮಾನರು ಕರೆಂಟು ಬಿಲ್ಲು ಉಳಿಸಲು ಸಿಎಫ್‌ಎಲ್ ಹಾಕಿಸಿದಾಗ ಮಾತ್ರ ಅವನು ಹಾಲಿನಲ್ಲಿ ಕೂರುವುದನ್ನೇ ಬಿಟ್ಟು, ಹಳೇ ಬಲ್ಬು ಉಳಿದಿದ್ದ ಅಡುಗೆಮನೆಯ ಪಕ್ಕದ ಟೇಬಲ್ಲಿಗೆ ಹೋದ. ಎರಡು ಟೇಬಲ್ ದೂರದಿಂದ ಕೂಗಿ ಕೂಗಿ ಮಾತಾಡಬೇಕಾಯಿತು. ಕೊನೆಗೆ ನಾವೇ ಅಲ್ಲಿಗೆ ಹೋದೆವು.

ಆ ಹಾಲಿನಲ್ಲಿ ನಡೆದ ದೊಡ್ಡ ಸಂಗತಿ ಅಂದರೆ 1996ರ ಅಕ್ಟೋಬರ್ 21, ಚಿನ್ನಸ್ವಾಮಿಯಲ್ಲಿ ಆಸ್ಟ್ರೇಲಿಯಾ ಮೇಲಿನ ಟೈಟಾನ್ ಕಪ್ ಪಂದ್ಯ. ಗೆಲ್ಲಲು 216 ಬೇಕು. ತೆಂಡೂಲ್ಕರ್ 88ಕ್ಕೆ ಔಟಾದಾಗ ನಮ್ಮದು 164ಕ್ಕೆ 8. ಅರ್ಧ ಜನ ಗಲ್ಲಾದಲ್ಲಿ ದುಡ್ಡು ಕೊಟ್ಟು ಸೋಂಪು ಬಾಯಿಗೆ ಹಾಕಿಕೊಂಡು ಎದ್ದರು. ಕ್ರೀಸಿನಲ್ಲಿದ್ದದ್ದು ಇಬ್ಬರು ಬೌಲರುಗಳು, ಮೈಸೂರಿನ ಶ್ರೀನಾಥ್, ಬೆಂಗಳೂರಿನ ಕುಂಬ್ಳೆ. ಇಬ್ಬರೂ ಇಂಜಿನಿಯರಿಂಗ್ ಓದಿದವರು ಎಂಬುದೊಂದೇ ಆಸರೆ. 'ಇಂಜಿನಿಯರ್ಸು ಕಣ್ರಯ್ಯ, ಲೆಕ್ಕಾಚಾರ ಹಾಕಿ ಹೊಡೀತಾರೆ' ಎಂದು ಸಣ್ಣ ಕಿರ್ಲೋಸ್ಕರ್ ಹೇಳುತ್ತಲೇ ಇದ್ದ. ಅವರು ಹೊಡೆದೂ ಬಿಟ್ಟರು. ಸಪ್ಲೈಯರುಗಳು ಆರ್ಡರ್ ತೆಗೆದುಕೊಳ್ಳುವುದು ಬಿಟ್ಟು ಟೇಬಲ್ಲುಗಳ ಮೇಲೆ ಹತ್ತಿದ್ದರು, ಅಡುಗೆಯವನು ಕಬಾಬಿನ ಜಾಲರಿ ಹಿಡಿದೇ ಹೊರಗೆ ಬಂದಿದ್ದ. ಗೆದ್ದ ಮೇಲೆ ಯಜಮಾನರು ಎಲ್ಲರಿಗೂ ಒಂದೊಂದು ಪ್ಲೇಟು ಮಸಾಲೆ ಕಡಲೇಬೀಜ ಪುಕ್ಕಟೆ ಕೊಟ್ಟರು. ಅವರ ಕೈಯಿಂದ ಬಿಟ್ಟಿ ಏನಾದರೂ ಹೊರಟದ್ದು ಅದೊಂದೇ ಸಲ. ಬೇಗ ಎದ್ದು ಹೋದವರು ಆ ರಾತ್ರಿ ತಾವೂ ಅಲ್ಲೇ ಇದ್ದುದಾಗಿ ಆಮೇಲೆ ವರ್ಷಗಟ್ಟಲೆ ಹೇಳಿಕೊಂಡರು.

2007ರ ಜುಲೈ 1ರಿಂದ ಸರ್ಕಾರ ಸಾರಾಯಿ ನಿಷೇಧಿಸಿತು. ಅಲ್ಲಿಯವರೆಗೆ ಯಶವಂತಪುರದ ಮಾರ್ಕೆಟ್ ಯಾರ್ಡಿನ ಹಮಾಲರು ಪ್ಯಾಕೆಟ್ ಸಾರಾಯಿಯ ಗಿರಾಕಿಗಳು. ಅವರ ಅಂಗಡಿಗಳು ಒಂದೇ ದಿನ ಮುಚ್ಚಿದವು, ಬಾಯಾರಿಕೆ ಮುಚ್ಚಲಿಲ್ಲ. ಈರುಳ್ಳಿ ಆಲೂಗಡ್ಡೆ ಮೂಟೆ ಹೊತ್ತ ಹೆಗಲಿನವರು ನಮ್ಮ ಹಾಲಿಗೆ ಬಂದರು. ಇಲ್ಲಿ ನಮ್ಮ ದೊಡ್ಡತನ ಬಯಲಾಯಿತು. ಅಲ್ಲಿಯವರೆಗೆ ಸಮಾಜವಾದ ಮಾತಾಡುತ್ತಿದ್ದ ದೊಡ್ಡ ಕಿರ್ಲೋಸ್ಕರ್, 'ಇನ್ನು ಈ ಜಾಗಕ್ಕೆ ಡೀಸೆನ್ಸಿ ಇರಲ್ಲ' ಅಂದ. ಮೇಷ್ಟ್ರು ಕೆಲವು ದಿನ ಮೇಲಿನ ಫ್ಯಾಮಿಲಿ ರೂಮಿಗೆ ಬಡ್ತಿ ಪಡೆದರು. ಹಮಾಲರಿಗೋ ನಮ್ಮ ಪದ್ಧತಿಯೇ ವಿಚಿತ್ರ. ಅವರದ್ದು ನಿಂತ ನಿಲುವಿನ ಕೆಲಸ: ಬಂದರು, ಅಗ್ಗದ ಕ್ವಾರ್ಟರು ಇಳಿಸಿದರು, ಉಪ್ಪಿನಕಾಯಿ ನಾಲಿಗೆಗೆ ತಾಕಿಸಿದರು, ಹೋದರು. ಎರಡು ಪೆಗ್ಗಿಗೆ ಮೂರು ಗಂಟೆ ಕೂರುವ ನಮ್ಮನ್ನು ಅವರಲ್ಲೊಬ್ಬ ಬಹಳ ದಿನ ನೋಡಿ, 'ನಿಮಗೆ ಮನೆ ಇಲ್ವಾ ಸ್ವಾಮಿ?' ಎಂದು ಕೇಳಿಯೇಬಿಟ್ಟ. ವ್ಯಂಗ್ಯವಲ್ಲ, ನಿಜವಾದ ಕಾಳಜಿ. ಮೇಷ್ಟ್ರು ಅದೇ ವಾರ ಕೆಳಗೆ ಇಳಿದು ಬಂದು ಅವನ ಪಕ್ಕ ಕೂತರು. ಒಂದೆರಡು ತಿಂಗಳಲ್ಲಿ ಅವನೂ 'ಮಂಡಿ' ಆಗಿದ್ದ, ನಮ್ಮ ಜೊತೆ ಮೂರು ಗಂಟೆ ಕೂರುವುದನ್ನೂ ಕಲಿತಿದ್ದ. ಅವನ ಹೆಂಡತಿ ನಮ್ಮನ್ನು ಎಷ್ಟು ಶಪಿಸಿದಳೋ. ಕುಡಿತದ ಬಗ್ಗೆ ಲಲಿತವಾಗಿ ಬರೆಯುವಾಗ ಇಂಥ ಮನೆಗಳನ್ನು ಬಿಟ್ಟು ಬರೆಯುವುದು ನಮ್ಮ ಅಭ್ಯಾಸ. ಸಂಬಳದ ದಿನ ಬಾಗಿಲಾಚೆ ನಿಂತು ಗಂಡನನ್ನು ಹೊರಗೆ ಕರೆಸಿಕೊಳ್ಳುತ್ತಿದ್ದ ಹೆಂಗಸರನ್ನು ನಾವೆಲ್ಲ ನೋಡಿದ್ದೆವು, ನೋಡದವರ ಥರ ಟಿ.ವಿ. ಕಡೆ ತಿರುಗಿದ್ದೆವು.

ನಮ್ಮ ನಂಟು ಎಂಥದೆಂದು ಗೊತ್ತಾಗುತ್ತಿದ್ದದ್ದು ಗಾಂಧಿ ಜಯಂತಿಯಂದು. ಷಟರು ಹಾಕಿರುತ್ತದೆಂದು ಎಲ್ಲರಿಗೂ ಗೊತ್ತು. ಆದರೂ ಸಂಜೆ ಏಳಕ್ಕೆ ಕಾಲು ಅಲ್ಲಿಗೇ ಬರುತ್ತಿತ್ತು. ನಾಲ್ಕೈದು ಜನ ಒಬ್ಬರನ್ನೊಬ್ಬರು ನೋಡಿ ನಕ್ಕು, ಎದುರಿನ ದರ್ಶಿನಿಗೆ ಹೋಗಿ ಬೈಟೂ ಕಾಫಿ ಹಿಡಿದು ನಿಲ್ಲುತ್ತಿದ್ದೆವು. ಆಮೇಲೆ ಏನು ಮಾತಾಡುವುದು? ನಿನ್ನೆ ರಾತ್ರಿ ದೇವೇಗೌಡರಿಂದ ಹಿಡಿದು ದೇವರವರೆಗೆ ಇತ್ಯರ್ಥ ಮಾಡಿದವರಿಗೆ ಟ್ಯೂಬ್‌ಲೈಟಿನ ಕೆಳಗೆ ಬಾಯಿಯೇ ಬರುತ್ತಿರಲಿಲ್ಲ. 'ಮಕ್ಕಳೆಷ್ಟು ನಿಮಗೆ?' ಎಂದು ಯಾರೋ ಕೇಳಿದಾಗ ಎಷ್ಟು ಮುಜುಗರವಾಯಿತೆಂದರೆ, ಕಾಫಿ ಅರ್ಧಕ್ಕೇ ಬಿಟ್ಟು ಚದುರಿದೆವು. ಒಬ್ಬನ ಸಾಲ, ಇನ್ನೊಬ್ಬನ ಮೊದಲ ಪ್ರೇಮ, ಮತ್ತೊಬ್ಬನ ಮೂಲವ್ಯಾಧಿ ಎಲ್ಲ ನಮಗೆ ಗೊತ್ತಿತ್ತು. ಮನೆ ಯಾವ ಕ್ರಾಸಿನಲ್ಲಿ ಎಂದು ಗೊತ್ತಿರಲಿಲ್ಲ.

ಕಿರ್ಲೋಸ್ಕರ್ ಕಾರ್ಖಾನೆಯ ಜಾಗದಲ್ಲಿ ಬ್ರಿಗೇಡ್ ಗೇಟ್‌ವೇ ಏಳುತ್ತಿದ್ದ ಕಾಲಕ್ಕೆ ನಮ್ಮ ರಸ್ತೆಯ ಮೇಲೆ ಮೆಟ್ರೋ ಬರುವುದೂ ಖಚಿತವಾಯಿತು. ಒಂದು ದಿನ ಬಾರಿನ ಗೋಡೆಯ ಮೇಲೆ ಕೆಂಪು ಬಣ್ಣದ ಗೆರೆ ಬಿತ್ತು. ಗೆರೆ ಸರಿಯಾಗಿ ಗಲ್ಲಾದ ಹಿಂದೆ ಹಾದಿತ್ತು, ಅಂದರೆ ಉಳಿಯುವುದು ಅಡುಗೆಮನೆ, ಕಕ್ಕಸು ಮತ್ತು ಲ್ಯಾಂಪಿನ ಟೇಬಲ್ಲು. ಪರಿಹಾರ ಬಂತು. ಯಜಮಾನರು ಗೋಳಾಡಲಿಲ್ಲ. ಗೋಳಾಡಬೇಕಾದ್ದೂ ಇರಲಿಲ್ಲ, ಯಾಕೆಂದರೆ ಇಂಥ ವ್ಯಾಪಾರದಲ್ಲಿ ಕಟ್ಟಡ ಲೆಕ್ಕಕ್ಕಿಲ್ಲ, ಸನ್ನದು ಮುಖ್ಯ. ಕರ್ನಾಟಕದಲ್ಲಿ 1992ರಿಂದೀಚೆಗೆ ಸರ್ಕಾರ ಹೊಸ ಸಿಎಲ್-2 (ಮದ್ಯದಂಗಡಿ), ಸಿಎಲ್-9 (ಬಾರ್) ಸನ್ನದು ಕೊಡುವುದು ನಿಲ್ಲಿಸಿದ ಮೇಲೆ ಇರುವ ಸನ್ನದುಗಳಿಗೆ ಬಂಗಾರದ ಬೆಲೆ. ಒಂದು ಕಡೆ ಕಿತ್ತು ಇನ್ನೊಂದು ಕಡೆ ನೆಡುತ್ತಾರೆ, ಭತ್ತದ ಸಸಿಯ ಹಾಗೆ.

ಕೆಡವಿದ ದಿನ ಜೆಸಿಬಿ ಮೊದಲು ಮೇಲಂತಸ್ತಿನ ಮುಂದಿನ ಗೋಡೆ ಎಳೆಯಿತು. ಅಷ್ಟು ವರ್ಷ ಪರದೆ ಹಾಕಿಕೊಂಡಿದ್ದ ಫ್ಯಾಮಿಲಿ ರೂಮು ಇದ್ದಕ್ಕಿದ್ದಂತೆ ಇಡೀ ರಸ್ತೆಗೆ ಕಂಡಿತು: ನೀಲಿ ಗೋಡೆ, ಜಲಪಾತ, ಒಂದು ಮುರಿದ ಕುರ್ಚಿ. ಬಸ್ಸಿನ ಕಿಟಕಿಗಳಿಂದ ಹೆಂಗಸರು ಕತ್ತು ಚಾಚಿ ನೋಡಿದರು. 'ಅಯ್ಯೋ, ಇಷ್ಟೇನಾ?' ಎಂದು ಯಾರೋ ಅಂದದ್ದು ನನಗೆ ಕೇಳಿಸಿತು. ಎದುರು ಫುಟ್‌ಪಾತಿನಲ್ಲಿ ಸೋಪು, ಮೇಷ್ಟ್ರು, ಕಿರ್ಲೋಸ್ಕರ್‌ಗಳು ಎಲ್ಲರೂ ಇದ್ದರು. ಹಗಲು ಹೊತ್ತು. ಒಬ್ಬರಿಂದೊಬ್ಬರು ಹತ್ತು ಹತ್ತು ಅಡಿ ದೂರ ನಿಂತು, ಗುರುತಿಲ್ಲದ ದಾರಿಹೋಕರಂತೆ ನೋಡುತ್ತಿದ್ದೆವು. ಮೊಬೈಲ್ ನಂಬರ್ ಬರೆದುಕೊಳ್ಳಬೇಕೆಂದು ಯಾರಿಗೂ ಹೊಳೆಯಲಿಲ್ಲ. ಹೊಳೆದಿದ್ದರೂ ಏನೆಂದು ಸೇವ್ ಮಾಡಿಕೊಳ್ಳುವುದು?

ಸನ್ನದು ನಾಗರಬಾವಿಯ ಆಚೆ ಹೊಸ ಬಡಾವಣೆಯೊಂದಕ್ಕೆ ಹೋಯಿತು. ಸಪ್ಲೈಯರ್ ಹುಡುಗ ಫೋನ್ ಮಾಡಿ ಕರೆದನೆಂದು ಹೋಗಿ ನೋಡಿದೆ. ಅದೇ ಬೋರ್ಡು, ಅದೇ ಲಕ್ಷ್ಮಿ, ಅದೇ ಬಂಗುಡೆ. ಈ ಸಲ ಎ.ಸಿ. ನಿಜವಾಗಿಯೂ ಇತ್ತು. ಕೂತಿದ್ದವರೆಲ್ಲ ಕೊರಳಿಗೆ ಐಡಿ ಕಾರ್ಡು ಹಾಕಿಕೊಂಡ ಹುಡುಗರು, ಒಬ್ಬರನ್ನೊಬ್ಬರು 'ಮಗಾ' ಎಂದೇ ಕರೆಯುತ್ತಿದ್ದರು. ಅವರದ್ದೂ ಒಂದು ಆಫೀಸು ಆಗಿರಬಹುದು. ನನ್ನದಲ್ಲ. ಒಂದು ನೈಂಟಿಗೆ ಎದ್ದುಬಂದೆ.

ಲ್ಯಾಂಪು ಮತ್ತೆ ಸಿಕ್ಕಿದ್ದು ಮೆಟ್ರೋದಲ್ಲಿ. ಪೀಣ್ಯದವರೆಗಿನ ಹಸಿರು ಮಾರ್ಗ 2014ರಲ್ಲಿ ಶುರುವಾದ ಮೇಲೆ ಯಾವಾಗಲೋ ಒಂದು ಭಾನುವಾರ. ಹೆಂಡತಿಯ ಜೊತೆ ಮದುವೆಗೆ ಹೊರಟಿದ್ದ, ಜರಿಯ ಪಂಚೆ. ನನ್ನನ್ನು ನೋಡಿ ಮುಖ ಅರಳಿತು, ತಕ್ಷಣ ಬಾಡಿತು, ಮತ್ತೆ ಸಾವರಿಸಿಕೊಂಡಿತು. ಅಷ್ಟರಲ್ಲಿ ಮುಂದಿನ ನಿಲ್ದಾಣ ಸ್ಯಾಂಡಲ್ ಸೋಪ್ ಫ್ಯಾಕ್ಟರಿ ಎಂದು ಕೂಗಿತು. 'ನೋಡಿದ್ರಾ, ಸೋಪಿಗೆ ಸ್ಟೇಷನ್ ಕೊಟ್ರು, ನಮ್ಮನ್ನ ಕೇಳೋರಿಲ್ಲ' ಎಂದು ಕಿವಿಯಲ್ಲಿ ಹೇಳಿ ಕಿಸಕ್ಕನೆ ನಕ್ಕ.

'ಯಾರ್ರೀ ಇವರು?' ಆಕೆ ಕೇಳಿದರು.

'ಇವರಾ... ನಮ್ಮ ಸೊಸೈಟಿಯವರು ಕಣೆ. ಮೀಟಿಂಗಿಗೆ ಬರ್ತಿದ್ರು.'

ಆಕೆ ನನ್ನ ಕಡೆ ಪೂರ್ತಿ ತಿರುಗಿದರು. 'ಹೌದಾ ಅಣ್ಣ? ವಾರಕ್ಕೆ ನಾಲ್ಕು ದಿನ ಮೀಟಿಂಗು ಮೀಟಿಂಗು ಅಂತ ಹೋಗಿ ಹತ್ತೂವರೆಗೆ ಬರ್ತಿದ್ರು. ನಮಗಂತೂ ಸೈಟು ಬರಲಿಲ್ಲ. ನಿಮಗಾದ್ರೂ ಬಂತಾ?'

'ಇಲ್ಲಮ್ಮ,' ಅಂದೆ. 'ಇದ್ದ ಸೈಟೂ ಮೆಟ್ರೋಗೆ ಹೋಯ್ತು.'